ಇಪ್ಪತ್ತಾರು ಸಲ ಪಾಸಾದವಳು

ಆಸ್ಪತ್ರೆಯ ಕಾಗದ ಬಂದದ್ದು ಸೋಮವಾರ. ವಿಷಯ ಒಂದೇ ಇತ್ತು, ಆದರೆ ಎರಡು ಪುಟ ಬರೆದಿದ್ದರು. ನಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಯ ಬಟ್ಟೆ ಮುಟ್ಟುವ ಪ್ರತಿಯೊಬ್ಬರೂ ಸೋಂಕು ತಡೆಯುವ ನಿಯಮಗಳನ್ನು ಕಲಿತಿರಬೇಕು. ಇನ್ನೊಂದು ತಿಂಗಳಿಗೆ ಅಧಿಕಾರಿಯೊಬ್ಬರು ಬಂದು ತಮಗೆ ಇಷ್ಟ ಬಂದವರನ್ನು ಹಿಡಿದು ಪರೀಕ್ಷಿಸುತ್ತಾರೆ. ಅವರಿಗೆ ತೃಪ್ತಿಯಾಗದಿದ್ದರೆ ಬಟ್ಟೆ ಬೇರೆ ಲಾಂಡ್ರಿಗೆ ಹೋಗುತ್ತದೆ.

ಆಸ್ಪತ್ರೆಯ ಲಾರಿ ಬರುವುದು ಮಧ್ಯಾಹ್ನ ಎರಡಕ್ಕೆ. ಅದಕ್ಕೆಂದೇ ನಮ್ಮಲ್ಲಿ ಎರಡನೇ ಪಾಳಿ ಇದೆ. ಬಟ್ಟೆ ಹೋದರೆ ಪಾಳಿ ಇಲ್ಲ. ಪಾಳಿ ಇಲ್ಲದಿದ್ದರೆ ಇಪ್ಪತ್ತೇಳು ಜನರಿಗೆ ಕೆಲಸವಿಲ್ಲ. ಆ ಇಪ್ಪತ್ತೇಳರಲ್ಲಿ ಒಬ್ಬಳು ನನ್ನ ಅಮ್ಮ. ಹತ್ತೊಂಬತ್ತು ವರ್ಷದಿಂದ ಮಡಿಸುವ ಮೇಜಿನ ಕೊನೆಯಲ್ಲಿ ನಿಂತಿದ್ದಾಳೆ. ನಾನು ಹಾಸ್ಟೆಲಿನಲ್ಲಿದ್ದು ಓದಿ ಬಂದು ಅದೇ ಲಾಂಡ್ರಿಯ ಆಫೀಸಿನಲ್ಲಿ ಕುರ್ಚಿ ಹಿಡಿದು ಎಂಟು ತಿಂಗಳಾಗಿತ್ತು.

ಯಜಮಾನರು ಕಾಗದವನ್ನು ಎರಡು ಸಲ ಓದಿ ನನ್ನನ್ನೂ ಬಾಯ್ಲರ್ ಮಾವನನ್ನೂ ಕರೆಸಿದರು. ಬಾಯ್ಲರ್ ಮಾವ ನನಗೆ ಸ್ವಂತ ಮಾವನೇನಲ್ಲ. ಬಾಯ್ಲರ್ ನೋಡಿಕೊಳ್ಳುವವನು, ಲಾಂಡ್ರಿಗೇ ಹಿರಿಯ, ಎಲ್ಲರಿಗೂ ಮಾವ.

ಅಷ್ಟರಲ್ಲಿ ಒಂದು ತರಬೇತಿ ಕಂಪನಿಯವರು ಬಂದು ಹೋಗಿದ್ದರು. ಕಲಿಕೆಯನ್ನು ವಿನ್ಯಾಸ ಮಾಡುವುದೇ ಅವರ ಕಸುಬು. ಟೈ ಕಟ್ಟಿದ ಒಬ್ಬ ಐದು ಹಂತಗಳ ಚಿತ್ರ ತೋರಿಸಿ, ಮೊದಲ ಹಂತಕ್ಕೇ ಆರು ವಾರ ಬೇಕು ಎಂದಿದ್ದ.

"ಆರು ವಾರದಲ್ಲಿ ಏನ್ ಮಾಡ್ತಾರಂತೆ?" ಎಂದರು ಯಜಮಾನರು.

"ನಮಗೆ ಏನು ಗೊತ್ತಿಲ್ಲ ಅಂತ ಪತ್ತೆ ಹಚ್ತಾರಂತೆ ಸಾರ್," ಎಂದೆ ನಾನು.

"ಅದನ್ನ ನನ್ನ ಹೆಂಡ್ತಿ ದಿನಾ ಪುಕ್ಕಟೆ ಹೇಳ್ತಾಳೆ."

ಆಗ ನನ್ನ ಉಪಾಯ ಮುಂದಿಟ್ಟೆ. ಇಂಟರ್ನೆಟ್ಟಿನಲ್ಲಿ ಇದಕ್ಕೆಂದೇ ಸಾಧನಗಳಿವೆ, ಯಾರು ಬೇಕಾದರೂ ಕೂತು ಪಾಠ ತಯಾರಿಸಬಹುದು, ಚಿತ್ರ, ಧ್ವನಿ, ಪರೀಕ್ಷೆ, ಪ್ರಮಾಣಪತ್ರ ಎಲ್ಲಾ ಅದರಲ್ಲೇ ಬರುತ್ತದೆ, ಹತ್ತು ದಿನ ಕೊಡಿ ಸಾಕು ಎಂದೆ. ಯಜಮಾನರ ಮುಖ ಅರಳಿತು.

ಬಾಯ್ಲರ್ ಮಾವ ಮಾತ್ರ ತಲೆ ಅಲ್ಲಾಡಿಸಿದ. "ಪುಟ್ಟೀ, ಹಲ್ಲು ನೋವು ಬಂದ್ರೆ ನೀನೇ ಇಕ್ಕಳ ತಗೊಂಡು ಕೂರ್ತೀಯಾ? ನನ್ನ ಬಾಯ್ಲರಿಗೆ ಬೇರೆಯವರು ಕೈ ಹಾಕಿದ್ರೆ ನಾನು ಸುಮ್ನಿರ್ತೀನಾ? ಪಾಠಕ್ಕೂ ಒಂದು ಕಸುಬು ಇರುತ್ತೆ. ಕಸುಬಿನವರನ್ನ ಕರ್ಸಿ."

"ಮಾವ, ಇದು ಬಾಯ್ಲರ್ ಅಲ್ಲ. ಸಿಡಿದು ಹೋಗಲ್ಲ."

"ನೋಡೋಣ," ಎಂದ ಮಾವ.

ಹತ್ತು ದಿನ ನಾನು ಆ ಸಾಧನದ ಮುಂದೆಯೇ ಕೂತೆ. ಸುಳ್ಳು ಯಾಕೆ, ಖುಷಿಯಾಗಿತ್ತು. ಆಸ್ಪತ್ರೆಯ ನಲವತ್ತು ಪುಟದ ನಿಯಮಪುಸ್ತಕವನ್ನು ಅರವತ್ತು ಸ್ಲೈಡು ಮಾಡಿದೆ. ಒಂದೊಂದಕ್ಕೂ ನನ್ನದೇ ಧ್ವನಿ. ಸೋಂಕಿನ ಹುಳ ಅಂತ ಹಸಿರು ಬಣ್ಣದ ಒಂದು ಗೊಂಬೆ ಸಿಕ್ಕಿತು. ಅದಕ್ಕೆ ಕಪ್ಪು ಕನ್ನಡಕ ಹಾಕಿ, ಪ್ರತಿ ಪಾಠದ ಕೊನೆಯಲ್ಲಿ ಕುಣಿಸಿದೆ. ಸರಿ ಉತ್ತರ ಒತ್ತಿದರೆ ಚಪ್ಪಾಳೆ, ತಪ್ಪು ಒತ್ತಿದರೆ ಹುಳ ನಗುತ್ತದೆ. ಇಪ್ಪತ್ತು ಪ್ರಶ್ನೆ. ಎಲ್ಲರ ಫೋನಿಗೂ ಲಿಂಕು ಕಳುಹಿಸಿ, ಪಾಳಿಯ ಮುಂದೆ ನಿಂತು, "ಶುಕ್ರವಾರದೊಳಗೆ ಎಲ್ಲರ ಫೋನಲ್ಲೂ ಪಾಠ ಮುಗಿದಿರಬೇಕು," ಎಂದು ಹೇಳಿ ಬಂದೆ.

ಶುಕ್ರವಾರ ಮಧ್ಯಾಹ್ನ ಪರದೆ ತೆರೆದರೆ ಇಪ್ಪತ್ತಾರು ಹೆಸರಿನ ಮುಂದೆ ಹಸಿರು ಗುರುತು. ಇಪ್ಪತ್ತಾರು ಜನಕ್ಕೂ ನೂರಕ್ಕೆ ನೂರು. ಯಜಮಾನರು ಆಫೀಸಿಗೆಲ್ಲ ಟೀ, ಬಿಸ್ಕತ್ತು ತರಿಸಿದರು. "ಆ ಟೈ ಹುಡುಗನಿಗೆ ಇದರ ಫೋಟೋ ಕಳ್ಸಮ್ಮಾ," ಎಂದರು. ಬಾಯ್ಲರ್ ಮಾವನೂ ಬಂದು ಬಿಸ್ಕತ್ತನ್ನು ಟೀಗೆ ಅದ್ದಿಕೊಂಡು ತಿಂದ. ಅವನಿಗೂ ನೂರು ಬಂದಿತ್ತು.

ಕೆಂಪು ಗುರುತು ಇದ್ದದ್ದು ಒಂದೇ ಹೆಸರಿನ ಮುಂದೆ. 'ಇನ್ನೂ ಆರಂಭಿಸಿಲ್ಲ' ಅಂತ. ಅದು ನನ್ನ ಅಮ್ಮನ ಹೆಸರು.

ನನಗೆ ಮೈಯೆಲ್ಲಾ ಉರಿಯಿತು. ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ನೆಟ್ಟಗೆ ಬಿಳಿ ಕೋಣೆಗೆ ಹೋದೆ.

ನಮ್ಮ ಲಾಂಡ್ರಿ ಹೇಗಿದೆ ಎಂದು ಇಲ್ಲಿ ಹೇಳಬೇಕು. ನಡುವೆ ಒಂದು ಗೋಡೆ. ಒಂದು ಕಡೆ ಕೊಳೆ ಕೋಣೆ, ಇನ್ನೊಂದು ಕಡೆ ಬಿಳಿ ಕೋಣೆ. ತೊಳೆಯುವ ಯಂತ್ರಗಳು ಗೋಡೆಯೊಳಗೇ ಕೂತಿವೆ. ಕೊಳೆ ಬಟ್ಟೆ ಈ ಬಾಗಿಲಿನಲ್ಲಿ ಹೋಗಿ ಆ ಬಾಗಿಲಿನಲ್ಲಿ ತೊಳೆದು ಬರುತ್ತದೆ. ಮನುಷ್ಯರು ದಾಟಲು ಒಂದು ಸಣ್ಣ ಓಣಿ ಇದೆ. ಅದರ ಬಾಯಿಯ ಪಕ್ಕ, ಕೊಳೆ ಕೋಣೆಯ ಕಡೆ, ಗೌನು ಬಿಚ್ಚಿ ಹಾಕುವ ಡಬ್ಬ, ಕೈ ತೊಳೆಯುವ ನಲ್ಲಿ. ಬಿಳಿ ಕೋಣೆಯಲ್ಲಿ ಒಗೆದ ಬಟ್ಟೆ ಹಿಂಡುವವರು, ಇಸ್ತ್ರಿ ಉರುಳೆಗೆ ಕೊಡುವವರು, ಕೊನೆಗೆ ಮಡಿಸುವವರು. ಪಾಳಿಯುದ್ದಕ್ಕೂ ಕೈ ಒಣಗಿರುವುದು ಮಡಿಸುವ ಮೇಜಿನ ಕೊನೆಯಲ್ಲಿ ನಿಂತವರದು ಮಾತ್ರ. ಹಾಗಾಗಿ ಕಾಗದ, ಪೆನ್ನು, ರಿಜಿಸ್ಟರು, ಲಾರಿಯ ಚೀಟಿ, ಇವನ್ನೆಲ್ಲ ಮುಟ್ಟುವುದು ಅವರೇ. ಇದು ಯಾರೂ ಮಾಡಿದ ನಿಯಮವಲ್ಲ, ನಾನು ಹುಟ್ಟುವುದಕ್ಕೂ ಮುಂಚಿನಿಂದ ನಡೆದು ಬಂದದ್ದು. ಎಲ್ಲರ ಫೋನೂ ಅವರ ಪಕ್ಕದ ತಟ್ಟೆಯಲ್ಲೇ ಇರುತ್ತದೆ. ಯಾರಿಗಾದರೂ ಫೋನು ಬಂದರೆ ಅವರೇ ಎತ್ತಿ, ಒದ್ದೆ ಕೈಯವರ ಕಿವಿಗೆ ಹಿಡಿಯುತ್ತಾರೆ. ಅವರನ್ನು ಒಣಕೈ ಅನ್ನುತ್ತಾರೆ. ಎರಡನೇ ಪಾಳಿಯ ಒಣಕೈ ನನ್ನ ಅಮ್ಮ.

ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೂ ಹೊಳೆದಿರಲಿಲ್ಲ.

"ಅಮ್ಮ, ನನ್ನ ಮಾನ ಕಳೀಬೇಕು ಅಂತಲೇ ಇದೀಯಾ? ಎಲ್ಲರೂ ಪಾಠ ಮುಗ್ಸಿದಾರೆ, ನೀನೊಬ್ಳು ಶುರೂನೇ ಮಾಡಿಲ್ಲ."

ಅಮ್ಮ ಹೊದಿಕೆಯ ಅಂಚನ್ನು ಗದ್ದದ ಕೆಳಗೆ ಹಿಡಿದು ಮಡಿಸುತ್ತಲೇ ಇದ್ದಳು. "ಚಾರ್ಜು ಮುಗಿದೋಯ್ತು ಕಣೇ ನನ್ನ ಫೋನಿಂದು. ಎಲ್ಲರದ್ದೂ ಮಾಡಿ ಮುಗ್ಸೋ ಹೊತ್ತಿಗೆ."

"ಎಲ್ಲರದ್ದೂ ಅಂದ್ರೆ?"

"ಎಲ್ಲರದ್ದೂ ಅಂದ್ರೆ ಎಲ್ಲರದ್ದೂ. ಇಪ್ಪತ್ತಾರು. ಫೋನಲ್ಲಿ ಪಾಠ ಮುಗಿದಿರಬೇಕು ಅಂತ ನೀನೇ ಹೇಳಿ ಹೋದೆ. ಫೋನು ನನ್ನ ತಟ್ಟೇಲಿ ಇತ್ತು, ಅವರ ಕೈ ಒದ್ದೆ. ಇನ್ಯಾರು ಮಾಡ್ಬೇಕು? ನಾಲ್ಕು ದಿನ ಮಡಿಸೋ ಕೆಲಸದ ಮಧ್ಯೆ ಮಧ್ಯೆ ಮಾಡ್ದೆ. ಮೊದಲ್ನೇದು ಕಷ್ಟ ಆಯ್ತು, ಆರು ತಪ್ಪು. ನಿನ್ನ ಹುಳ ನಕ್ಕೂ ನಕ್ಕೂ ಸಾಕು ಮಾಡ್ತು. ಮತ್ತೆ ಮೊದಲಿಂದ ಮಾಡ್ದೆ. ಐದನೇದರ ಹೊತ್ತಿಗೆ ಬಾಯಿಪಾಠ ಬಂತು."

ಉರುಳೆಯ ಮುಂದಿದ್ದ ಹೆಂಗಸು ಅಲ್ಲಿಂದಲೇ ಕೂಗಿದಳು. "ನನಗೆ ಎಷ್ಟು ಬಂತಕ್ಕಾ?"

"ನೂರು ಬಂದಿದೆ ಸುಮ್ನಿರೇ."

"ಅಯ್ಯೋ, ನಮ್ಮ ಮನೆಯವ್ರಿಗೆ ಹೇಳ್ಬೇಕು!"

ನಾನು ಓಣಿ ದಾಟಿ ಕೊಳೆ ಕೋಣೆಯ ಬಾಗಿಲಲ್ಲಿ ನಿಂತು ಹೂಂ-ಅಣ್ಣನನ್ನು ಕರೆದೆ. ಅವನು ಚೀಲ ಸುರಿದು ಬಟ್ಟೆ ವಿಂಗಡಿಸುವವನು. ಮಾಮೂಲಿ ಬಟ್ಟೆ ಬಿಳಿ ಚೀಲದಲ್ಲಿ, ಸೋಂಕಿನ ರೋಗಿಗಳದು ಕೆಂಪು ಚೀಲದಲ್ಲಿ ಬರುತ್ತದೆ. ಏನು ಕೇಳಿದರೂ 'ಹೂಂ' ಅನ್ನುವುದರಿಂದ ಆ ಹೆಸರು. ಹನ್ನೆರಡು ವರ್ಷದಲ್ಲಿ ಅವನ ಬಾಯಿಂದ ಬೇರೆ ಮಾತು ಕೇಳಿದವರು ಕಡಿಮೆ.

"ಅಣ್ಣಾ, ಕೆಂಪು ಚೀಲ ಬಂದ್ರೆ ಏನ್ ಮಾಡ್ಬೇಕು ಅಂತ ಪಾಠದಲ್ಲಿ ಇತ್ತು?"

"ಹೂಂ."

"ಪಾಠ ನೋಡಿದ್ಯಾ?"

"ಹೂಂ," ಎಂದು ನಕ್ಕು, ಗೌನಿಗೆ ಕೈ ಒರೆಸಿಕೊಂಡ.

ತಪಾಸಣೆಗೆ ಹನ್ನೆರಡು ದಿನ ಉಳಿದಿತ್ತು. ಆ ಸಂಜೆ ಒಂದು ಯೋಚನೆ ಬಂದದ್ದು ನಿಜ: ಪರದೆಯಲ್ಲಿ ಇಪ್ಪತ್ತಾರು ಹಸಿರು ಗುರುತು ಇದೆ, ಅಮ್ಮನದೊಂದು ಮಾಡಿಸಿಬಿಟ್ಟರೆ ಪೂರ್ತಿ, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ. ಆದರೆ ಅಧಿಕಾರಿ ಬಂದು ಹಿಡಿಯುವುದು ಪರದೆಯನ್ನಲ್ಲ. ಮರುದಿನ ಬೆಳಿಗ್ಗೆ ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು, "ಇನ್ನೊಂದು ಸಲ ಕಳ್ಸಿದ್ರೆ? ಈ ಸಲ ನಿಮ್ಮಮ್ಮಂಗೆ ನಾಲ್ಕು ದಿನ ರಜ ಕೊಟ್ಟು?" ಎಂದರು.

"ಆಗ ಒಣಕೈ ಕೆಲಸಕ್ಕೆ ಇನ್ನೊಬ್ಬರು ನಿಲ್ತಾರೆ ಸಾರ್. ಅವರು ಇಪ್ಪತ್ತಾರು ಮಾಡ್ತಾರೆ."

ಬಾಯ್ಲರ್ ಮಾವ ಬಾಗಿಲಿಗೆ ಒರಗಿ ನಿಂತಿದ್ದ. "ಮಾವ, ನಿನಗೆ ಮೊದಲೇ ಗೊತ್ತಿತ್ತಲ್ವಾ?" ಎಂದೆ.

"ನನ್ನ ಕೈಯಲ್ಲಿ ಗ್ರೀಸು. ನನ್ನ ಫೋನೂ ಅವಳ ತಟ್ಟೇಲೇ ಇತ್ತು. ಹುಟ್ಟಿದಾಗಿಂದ ನನಗೆ ಯಾರೂ ನೂರು ಕೊಟ್ಟಿರ್ಲಿಲ್ಲ ಪುಟ್ಟೀ, ಒಂದು ದಿನ ಇಟ್ಕೊಳ್ಳೋಣ ಅನ್ನಿಸ್ತು." ಆಮೇಲೆ ಯಜಮಾನರ ಕಡೆ ತಿರುಗಿದ. "ಆರು ವಾರ ಬೇಡ. ಆ ಕಸುಬು ಗೊತ್ತಿರೋ ಒಬ್ಬರನ್ನ ಒಂದೇ ದಿನಕ್ಕೆ ಕರ್ಸಿ. ಬಾಯ್ಲರ್ ಕೆಟ್ಟಾಗ ನಾವು ಹೊಸ ಕಾರ್ಖಾನೆ ಕಟ್ತೀವಾ? ಒಬ್ಬ ಬರ್ತಾನೆ, ಕಿವಿ ಇಟ್ಟು ಕೇಳ್ತಾನೆ, ಎಲ್ಲಿ ಸೋರ್ತಿದೆ ಅಂತ ತೋರ್ಸಿ ಹೋಗ್ತಾನೆ. ಮಿಕ್ಕಿದ್ದು ನಾವೇ ಮಾಡ್ಕೋತೀವಿ."

ಹುಡುಕಿದಾಗ ಒಬ್ಬರು ಸಿಕ್ಕರು. ಐವತ್ತು ದಾಟಿದ ಹೆಂಗಸು. ದೊಡ್ಡ ಕಂಪನಿಗಳಿಗೆ ಪಾಠ ವಿನ್ಯಾಸ ಮಾಡಿ ಈಗ ಸ್ವಂತವಾಗಿ ಕೆಲಸ ಮಾಡುವವರು. ಮಂಗಳವಾರ ಮಧ್ಯಾಹ್ನ ಚಪ್ಪಟೆ ಬೂಟು ತೊಟ್ಟು, ಒಂದು ನೋಟುಬುಕ್ಕು, ನೀರಿನ ಬಾಟಲಿ ಹಿಡಿದು ಬಂದರು. ನಾನು ಲ್ಯಾಪ್‌ಟಾಪ್ ತೆರೆದಿಟ್ಟಿದ್ದೆ. ಅದರ ಕಡೆ ಅವರು ಕಣ್ಣೂ ಹಾಯಿಸಲಿಲ್ಲ.

"ಕೆಲಸ ಎಲ್ಲಿ ನಡಿಯುತ್ತೆ?" ಎಂದರು.

ಗೌನು ತೊಟ್ಟು ಕೊಳೆ ಕೋಣೆಯಲ್ಲಿ ಎರಡು ಗಂಟೆ ನಿಂತರು. ಆ ವಾಸನೆಯಲ್ಲಿ ಆಸ್ಪತ್ರೆಯವರೇ ಹತ್ತು ನಿಮಿಷ ನಿಲ್ಲುವುದಿಲ್ಲ. ಹೂಂ-ಅಣ್ಣ ಚೀಲವನ್ನು ತಳದ ಎರಡು ಮೂಲೆ ಹಿಡಿದು ಎತ್ತಿ, ಬಾಯಿ ಕೆಳಗೆ ಮಾಡಿ ಮೇಜಿನ ಮೇಲೆ ಸುರಿಯುವುದನ್ನು ನೋಡಿದರು. ಎಷ್ಟು ಚೀಲ ಬಂದರೂ ಅವನು ಒಳಗೆ ಕೈ ಹಾಕಲಿಲ್ಲ.

"ಒಳಗೆ ಕೈ ಯಾಕೆ ಹಾಕಲ್ಲ?" ಎಂದು ಕೇಳಿದರು.

ಹೂಂ-ಅಣ್ಣ ಕೈಗವಸು ತೆಗೆದು ಹೆಬ್ಬೆರಳು ತೋರಿಸಿದ. ಒಂದು ಗೆರೆ ಗಾಯ. ಯಾರೋ ಬಟ್ಟೆಯ ಜೊತೆ ಕತ್ತರಿ ಬಿಟ್ಟಿದ್ದ ಹಳೇ ಕಥೆ. ಅವರು ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಆಮೇಲೆ ಆಫೀಸಿಗೆ ಬಂದು ನನ್ನ ಅರವತ್ತು ಸ್ಲೈಡನ್ನೂ ಕೂತು ನೋಡಿದರು. ಒಂದನ್ನೂ ಬಿಡಲಿಲ್ಲ. ನಾನು ಉಗುರು ಕಚ್ಚುತ್ತಿದ್ದೆ.

"ಹುಳ ಚೆನ್ನಾಗಿದೆ. ಇದು ಯಾರಿಗೆ?"

"ಕೆಲಸದವರಿಗೆ ಮೇಡಂ."

"ಅವರ ಕೈಯಲ್ಲಿ ಏನಿರುತ್ತೆ ಆಗ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಹೋಗ್ಲಿ. ಇವರು ಯಾವ ತಪ್ಪು ಮಾಡಿದ್ರೆ ಯಾರಿಗಾದ್ರೂ ನಿಜವಾಗ್ಲೂ ತೊಂದ್ರೆ ಆಗುತ್ತೆ? ಪುಸ್ತಕದಲ್ಲಿರೋದು ಬೇಡ. ಇಲ್ಲಿ."

ನಾನು ಎಣಿಸಿದೆ. ಚೀಲದೊಳಗೆ ಕೈ ಹಾಕುವುದು. ಕೆಂಪು ಚೀಲ ಬಿಚ್ಚುವುದು, ಅದನ್ನು ಬಿಚ್ಚದೆ ಹಾಗೇ ಯಂತ್ರಕ್ಕೆ ಹಾಕಬೇಕು, ಬಿಸಿನೀರಿನಲ್ಲಿ ಚೀಲವೇ ಕರಗುತ್ತದೆ. ಗೌನು ಬಿಚ್ಚದೆ, ಕೈ ತೊಳೆಯದೆ ಓಣಿ ದಾಟುವುದು. ಬಿಳಿ ಕೋಣೆಯ ಗಾಡಿಯನ್ನು ಕೊಳೆ ಕೋಣೆಗೆ ತರುವುದು. ಐದನೆಯದು ಹುಡುಕಿದೆ, ಸಿಗಲಿಲ್ಲ.

"ಹಾಗಾದ್ರೆ ನಾಲ್ಕು ಪಾಠ. ಒಂದೊಂದು ಒಂದು ನಿಮಿಷ. ಗೌನು ಹಾಕ್ಕೊಳ್ಳೋ ಜಾಗದಲ್ಲಿ ಟಿವಿ ಇಟ್ಟು ತೋರ್ಸಿ. ಆಗ ಎಲ್ಲರೂ ಅಲ್ಲೇ ನಿಂತಿರ್ತಾರೆ, ಬೇರೆ ಕೆಲಸ ಇರಲ್ಲ. ಪರೀಕ್ಷೆ ಫೋನಲ್ಲಿ ಬೇಡ, ಮಾಡಿ ತೋರಿಸ್ಲಿ."

ನನಗೆ ರೇಗಿತು. "ಇಷ್ಟೇನಾ? ಇದನ್ನ ನಾನೇ ಮಾಡಬಹುದಿತ್ತಲ್ಲ ಮೇಡಂ."

"ಮಾಡಬಹುದಿತ್ತು. ಮಾಡ್ಲಿಲ್ಲ. ಸಾಧನ ಸಿಕ್ಕಿದ ತಕ್ಷಣ ಅದರಲ್ಲಿ ಏನೇನಿದೆ ಅಂತ ನೋಡೋಕೆ ಕೂತೆ. ನಾನೂ ಹತ್ತು ವರ್ಷ ಹಾಗೇ ಮಾಡಿದೀನಿ, ಅದಕ್ಕೇ ಗೊತ್ತು. ಈಗ ಅದೇ ಸಾಧನದಲ್ಲಿ ಈ ನಾಲ್ಕನ್ನ ಮಾಡು. ನನಗಿಂತ ಬೇಗ ಮಾಡ್ತೀಯ." ನೀರು ಕುಡಿದು ಕೇಳಿದರು: "ಪರೀಕ್ಷೆ ನೋಡೋಕೆ ಒಬ್ಬರು ಬೇಕಲ್ಲ. ಈ ನಿಯಮ ಎಲ್ಲಾ ಚೆನ್ನಾಗಿ ಬರೋರು ಯಾರಾದ್ರೂ ಇದಾರಾ?"

ಅಮ್ಮನನ್ನು ಕರೆಸಿದೆ. ಅವಳು ಕೈ ಕಟ್ಟಿ ನಿಂತು ಒಂದರಿಂದ ಇಪ್ಪತ್ತರವರೆಗೆ ಪ್ರಶ್ನೆ, ಉತ್ತರ, ಎಲ್ಲಿ ಚಪ್ಪಾಳೆ ಬರುತ್ತದೆ, ಎಲ್ಲಿ ಹುಳ ಕುಣಿಯುತ್ತದೆ ಎಲ್ಲವನ್ನೂ ಒಪ್ಪಿಸಿದಳು. ಆ ಹೆಂಗಸು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. "ಇವರೇ ನಿಮ್ಮ ಪರೀಕ್ಷಕಿ. ಇಷ್ಟು ಓದಿದವರು ಬೇರೆ ಯಾರಿದಾರೆ?"

ಸಂಜೆ ಏಳು ಗಂಟೆಗೆ ಹೊರಟುಹೋದರು. ಒಂದು ಪುಟದ ಟಿಪ್ಪಣಿ ಬಿಟ್ಟರೆ ಇನ್ನೇನೂ ಕೊಡಲಿಲ್ಲ.

ಮರುದಿನ ಹೂಂ-ಅಣ್ಣನ ಕೈಗಳನ್ನಷ್ಟೇ ಫೋನಿನಲ್ಲಿ ಹಿಡಿದೆ. ಮಾತಿಲ್ಲ, ಸಂಗೀತವಿಲ್ಲ. ಚೀಲ ಸುರಿಯುವುದು, ಕೆಂಪು ಚೀಲ ಹಾಕುವುದು, ಗೌನು ಬಿಚ್ಚುವುದು, ಬಿಳಿ ಕೋಣೆಯ ಗಾಡಿಯನ್ನು ಓಣಿಯ ಆಚೆಯೇ ನಿಲ್ಲಿಸುವುದು. ಸಾಧನದಲ್ಲಿ ಜೋಡಿಸಲು ಒಂದು ಬೆಳಗು ಸಾಕಾಯಿತು. ಯಜಮಾನರ ಮನೆಯ ಹಳೇ ಟಿವಿ ಗೌನಿನ ಗೂಟಗಳ ಮೇಲೆ ಬಂದು ಕೂತಿತು. ತನ್ನ ಕೈ ಟಿವಿಯಲ್ಲಿ ಬರುವುದನ್ನು ನೋಡಲು ಹೂಂ-ಅಣ್ಣ ದಿನಾ ಕಾಲು ಗಂಟೆ ಮುಂಚೆ ಬರತೊಡಗಿದ.

ಇನ್ನು ಅಮ್ಮ. ಅವಳಿಗೆ ಒಂದು ಪಟ್ಟಿ, ಒಂದು ಪೆನ್ನು ಸಿಕ್ಕಿದ್ದೇ ತಡ, ಬೇರೆಯೇ ಆದಳು. ದಿನಾ ಎಂಟು ಹತ್ತು ಜನರನ್ನು ಹಿಡಿದು, "ಮಾಡಿ ತೋರ್ಸು," ಅನ್ನುವಳು. ನಾಲ್ಕು ಪಾಠದಲ್ಲಿ ಒಂದು ತಪ್ಪಿದರೂ ಅಡ್ಡಗೆರೆ. ಉರುಳೆಯ ಹೆಂಗಸು ನಲ್ಲಿ ತಿರುಗಿಸಿ ಬೆರಳ ತುದಿ ನೆನೆಸಿಕೊಂಡು ಬಂದಳೆಂದು ವಾಪಸ್ಸು ಕಳಿಸಿದಳು.

"ಅಕ್ಕಾ, ಹೋದ ವಾರ ನೀನೇ ನನಗೆ ನೂರು ಕೊಟ್ಟಿದ್ದೆ!"

"ಹೋದ ವಾರ ನಿನ್ನ ಹೆಸರಲ್ಲಿ ನಾನು ಬರೆದಿದ್ದೆ. ಈಗ ನೀನು ಬರೀತಿದ್ದೀಯ. ಹೋಗು, ಮೊಣಕೈವರೆಗೂ ತೊಳಿ."

ಬಾಯ್ಲರ್ ಮಾವನನ್ನು ಮೂರು ಸಲ ಫೇಲು ಮಾಡಿದಳು. ಅವನು ಟೀ ಲೋಟ ಹಿಡಿದುಕೊಂಡೇ ಓಣಿ ದಾಟುತ್ತಿದ್ದ. "ಕಸುಬಿನವರು ಬೇಕು ಅಂದೆ, ಬಂದ್ರು," ಎಂದು ಗೊಣಗುತ್ತಾ ನಾಲ್ಕನೇ ದಿನ ಲೋಟವನ್ನು ಹೊರಗಿನ ಕಿಟಕಿಯ ಮೇಲಿಟ್ಟು ಬಂದ.

ತಪಾಸಣೆಯ ದಿನ ಯಜಮಾನರು ಹೊಸ ಅಂಗಿ ಹಾಕಿಕೊಂಡಿದ್ದರು. ಅಧಿಕಾರಿ ತೆಳ್ಳಗಿನ ಮನುಷ್ಯ, ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ನನ್ನ ಪರದೆಯ ಹಸಿರು ಗುರುತುಗಳನ್ನು ತೋರಿಸಲು ಹೋದೆ. ಅದೆಲ್ಲ ಹಳೇ ಪಾಠದ್ದು ಎಂದೂ ಹೇಳಿದೆ. ಅವರು ಕೈಸನ್ನೆಯಲ್ಲೇ ಸಾಕು ಅಂದರು. ಗೌನು ತೊಟ್ಟು ಕೊಳೆ ಕೋಣೆಗೆ ಹೋಗಿ, ಹನ್ನೊಂದು ಜನರ ಮಧ್ಯೆ ಸೀದಾ ಹೂಂ-ಅಣ್ಣನ ಮುಂದೆ ನಿಂತರು.

"ಸೋಂಕು ಹೇಗೆ ಹರಡುತ್ತೆ ಹೇಳಿ."

"ಹೂಂ."

ಅಧಿಕಾರಿ ಪುಟ ತಿರುಗಿಸಿದರು.

"ಕೆಂಪು ಚೀಲದ ನಿಯಮ ಗೊತ್ತಾ?"

"ಹೂಂ."

"ಹೇಳಿ ಮತ್ತೆ."

ಹೂಂ-ಅಣ್ಣ ನನ್ನ ಕಡೆ ನೋಡಿದ. ಆಮೇಲೆ ಅಧಿಕಾರಿಯನ್ನು ಬಿಟ್ಟು, ರಾಶಿಯಿಂದ ಒಂದು ಕೆಂಪು ಚೀಲ ಎತ್ತಿ, ಗಂಟು ಮುಟ್ಟದೆ ಹಾಗೇ ಯಂತ್ರದೊಳಗಿಟ್ಟು ಬಂದ. ಒಂದು ಬಿಳಿ ಚೀಲವನ್ನು ತಳದ ಮೂಲೆ ಹಿಡಿದು ಸುರಿದ. ಅಧಿಕಾರಿ ಏನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ.

ಯಜಮಾನರಿಗೆ ಆ ಮೌನ ತಡೆಯಲಾಗಲಿಲ್ಲ. "ಬನ್ನಿ ಸಾರ್, ಬಿಳಿ ಕೋಣೆ ನೋಡಿಬಿಡಿ, ಹೊಸ ಉರುಳೆ ತರ್ಸಿದೀನಿ," ಎಂದು ಅವರ ಮೊಣಕೈ ಹಿಡಿದು, ಗೌನು ತೊಟ್ಟ ಹಾಗೇ ಓಣಿಯ ಕಡೆ ನಡೆದೇಬಿಟ್ಟರು. ಇಪ್ಪತ್ತೇಳು ಜನ ಪಾಠ ಕಲಿತಿದ್ದರು. ಯಜಮಾನರ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

ಹೂಂ-ಅಣ್ಣ ಚೀಲ ಬಿಟ್ಟು ನಾಲ್ಕು ಹೆಜ್ಜೆ ಓಡಿ, ಓಣಿಯ ಬಾಯಿಗೆ ಅಡ್ಡ ನಿಂತ.

"ದಾರಿ ಬಿಡಪ್ಪಾ," ಎಂದರು ಯಜಮಾನರು.

ಅವನು ಗೌನಿನ ಡಬ್ಬದ ಕಡೆ ಕೈ ತೋರಿಸಿದ.

"ಏಯ್, ಸಾಹೇಬ್ರು ಇದಾರೆ, ಕಾಣಲ್ವಾ? ದಾರಿ ಬಿಡು."

"ಊಹೂಂ," ಎಂದ ಹೂಂ-ಅಣ್ಣ.

ಕೋಣೆಯಲ್ಲಿ ಎಲ್ಲರ ಕೈ ನಿಂತಿತು. ಹನ್ನೆರಡು ವರ್ಷದಲ್ಲಿ ಅವನು ಆ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಯಜಮಾನರ ಕಿವಿ ಕೆಂಪಾಯಿತು. ಬಾಯಿ ತೆರೆದರು. ಅಷ್ಟರಲ್ಲಿ ಅಧಿಕಾರಿ ಅವರ ಹಿಡಿತದಿಂದ ಮೊಣಕೈ ಬಿಡಿಸಿಕೊಂಡು, ತಮ್ಮ ಗೌನು ಬಿಚ್ಚಿ ಡಬ್ಬಕ್ಕೆ ಹಾಕಿ, ನಲ್ಲಿಯ ಕೆಳಗೆ ಕೈಯೊಡ್ಡಿದರು. ಯಜಮಾನರೂ ಗೌನು ಬಿಚ್ಚಿ ಹಾಕಿ, ಹಿಂದೆ ನಿಂತು ತಮ್ಮ ಸರದಿಗೆ ಕಾದರು. ಹೊಸ ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಯಿತು. ಆಗ ಹೂಂ-ಅಣ್ಣ ದಾರಿ ಬಿಟ್ಟ.

ಓಣಿಯ ಆ ಕಡೆ ಅಮ್ಮ ಪಟ್ಟಿ ಹಿಡಿದು ನಿಂತಿದ್ದಳು. ಯಜಮಾನರು ತೋಳು ಮಡಚದೆಯೇ ಕೈ ತೊಳೆದದ್ದು ನೋಡಿ, ಪಟ್ಟಿಯ ಕೊನೆಯಲ್ಲಿ ಅವರ ಹೆಸರು ಸೇರಿಸಿ, ಮುಂದೆ ಒಂದು ಅಡ್ಡಗೆರೆ ಎಳೆದಳು. ಅಧಿಕಾರಿ ಕೈ ಚಾಚಿದರು. ಪಟ್ಟಿ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. ಬಾಯ್ಲರ್ ಮಾವನ ಮೂರು ಅಡ್ಡಗೆರೆಗಳ ಹತ್ತಿರ ಮತ್ತು ಕೊನೆಯ ಸಾಲಿನಲ್ಲಿ ಸ್ವಲ್ಪ ನಿಂತರು.

"ಇದರ ಒಂದು ಪ್ರತಿ ಬೇಕು," ಎಂದರು. "ಬಟ್ಟೆ ಎಂದಿನ ಹಾಗೆ ಬರುತ್ತೆ. ಒಂದು ವರ್ಷ ಬಿಟ್ಟು ಮತ್ತೆ ಬರ್ತೀನಿ. ಅಷ್ಟರಲ್ಲಿ ಇವರನ್ನ," ಎಂದು ಯಜಮಾನರ ಕಡೆ ನೋಡಿ, "ಪಾಸು ಮಾಡ್ಸಿ."

ಅಧಿಕಾರಿ ಲಾರಿಯ ಗೇಟು ದಾಟುವವರೆಗೂ ಯಾರೂ ಕೂಗಲಿಲ್ಲ. ಆಮೇಲೆ ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಯಜಮಾನರು ಹೂಂ-ಅಣ್ಣನ ಬೆನ್ನು ತಟ್ಟಲು ಹೋಗಿ, ಅವನ ಗೌನು ನೋಡಿ ಕೈ ಹಿಂದೆಳೆದುಕೊಂಡರು.

ಆ ಭಾನುವಾರ ಮನೆಯಲ್ಲಿ ಅಮ್ಮ ತನ್ನ ಫೋನು ಪೂರ್ತಿ ಚಾರ್ಜು ಮಾಡಿ ನನ್ನೆದುರು ಕೂತಳು. "ನಂದೊಂದು ಕೆಂಪಗೇ ಉಳಿದಿದೆ ಅಂದ್ಯಲ್ಲ. ತೆಗಿ ಆ ಪಾಠ."

"ಈಗ ಯಾಕಮ್ಮ? ಅದನ್ನ ಯಾರೂ ನೋಡಲ್ಲ."

"ಅವರೆಲ್ಲರದ್ದೂ ಹಸಿರು ಇದೆ. ನಂದ್ಯಾಕೆ ಕೆಂಪು ಇರ್ಬೇಕು?"

ಇಪ್ಪತ್ತು ಪ್ರಶ್ನೆಯನ್ನೂ ಆರು ನಿಮಿಷದಲ್ಲಿ ಮುಗಿಸಿದಳು. ತೊಂಬತ್ತೈದು ಬಂತು. ಹುಳ ಒಂದು ಸಲ ನಕ್ಕಿತು.

"ಇಪ್ಪತ್ತಾರು ಸಲ ನೂರು ತೆಗೆದು ಈಗ ತಪ್ಪು ಮಾಡಿದ್ಯಲ್ಲ!"

"ತಪ್ಪು ನಂದಲ್ಲ, ನಿಂದು. ಒಗೆದ ಬಟ್ಟೆಯ ಗಾಡಿ ಎಲ್ಲೀವರೆಗೆ ತುಂಬಬೇಕು ಅಂತ ಕೇಳಿದ್ದೀಯ. ಅಂಚಿನವರೆಗೆ ಅಂತ ಒತ್ತಿದ್ರೆ ಚಪ್ಪಾಳೆ. ಅಂಚಿನವರೆಗೆ ತುಂಬಿದ್ರೆ ಮೇಲಿನ ಹೊದಿಕೆ ಬಾಗಿಲಿಗೆ ಉಜ್ಜಿ ಕೊಳೆ ಆಗುತ್ತೆ, ನಾನು ಹತ್ತೊಂಬತ್ತು ವರ್ಷದಿಂದ ಒಂದು ಗೇಣು ಬಿಟ್ಟೇ ತುಂಬೋದು. ಅವರ ಹೆಸರಲ್ಲಿ ನೀನು ಕೇಳಿದ್ದು ಒತ್ತಿದೆ. ನನ್ನ ಹೆಸರಲ್ಲಿ ಯಾಕೆ ಒತ್ಲಿ?"

ನಾನು ಲ್ಯಾಪ್‌ಟಾಪ್ ತೆಗೆದು ಆ ಉತ್ತರವನ್ನು ಒಂದು ಗೇಣು ಕೆಳಗೆ ಎಂದು ತಿದ್ದಿದೆ. ಎರಡು ನಿಮಿಷದ ಕೆಲಸ.

"ಹೊಸ ಪಾಠದಲ್ಲಿ ಆ ಹುಳಾನ ಯಾಕೆ ತೆಗೆದುಬಿಟ್ಟೆ?" ಎಂದಳು ಅಮ್ಮ ಫೋನು ಕೆಳಗಿಡುತ್ತಾ. "ಪಾಪ, ಕೊನೇಲಾದ್ರೂ ಒಂದು ಸಲ ಕುಣಿಲಿ ಬಿಡು."